ಟರ್ಬೋ ಗುಂಡಿ

ಮೆಟ್ಟಿಲ ಕೆಳಗಿನ ಕೋಣೆ ನನಗೆ ಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಬೈಕ್ ನಿಲ್ಲಿಸಲು ತಮಗೇ ಬೇಕೆಂದು ಗಂಡನ ಅಣ್ಣ, ಅಂದರೆ ನಮ್ಮ ಭಾವ, ಪಟ್ಟು ಹಿಡಿದಿದ್ದರು. ನಮ್ಮ ಜಗಳ ಕೇಳಿ ಕೇಳಿ ಸಾಕಾಗಿ ಅತ್ತೆಯೇ ತೀರ್ಪು ಕೊಟ್ಟರು.

"ಭಾನುವಾರ ಎಲ್ಲರೂ ಮನೇಲಿರ್ತೀವಿ. ನಿನ್ನ ಆ ಡಬ್ಬ ಶುರು ಮಾಡಿ, ಅದರಲ್ಲಿ ಒಂದು ಆಟ ಪೂರ್ತಿ ಆಡಿ ಗೆದ್ದು ತೋರ್ಸು. ಗೆದ್ರೆ ಕೋಣೆ ನಿಂದು. ಇಲ್ಲಾಂದ್ರೆ ಎಲ್ಲಾ ಗುಜರಿಗೆ ಹಾಕ್ಬಿಡು, ಬೈಕ್ ಒಳಗೆ ಬರ್ಲಿ."

ಡಬ್ಬ ಎಂದರೆ ನಾನು ಮೊಟ್ಟಮೊದಲ ಸಲ ಕೈಯಾರೆ ಜೋಡಿಸುತ್ತಿದ್ದ ಹಳೆಯ ಕಾಲದ ಕಂಪ್ಯೂಟರ್. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಅಟ್ಟದಲ್ಲಿ ಅದರ ಹಳದಿಗಟ್ಟಿದ ಪೆಟ್ಟಿಗೆ ಸಿಕ್ಕಿತು. ಒಳಗಿನ ಬ್ಯಾಟರಿ ಸೋರಿ ಬೋರ್ಡಿನ ಒಂದು ಮೂಲೆ ಹಸಿರಾಗಿತ್ತು. ಅದನ್ನು ಹಲ್ಲುಜ್ಜುವ ಬ್ರಷ್ ಮತ್ತು ವಿನಿಗರ್‌ನಿಂದ ಉಜ್ಜಿದೆ. ಮೆಮೊರಿ ಪಟ್ಟಿಗಳ ಹಲ್ಲುಗಳನ್ನು ರಬ್ಬರಿನಿಂದ ಒರೆಸಿದೆ. ಕರೆಂಟಿನ ಎರಡು ಪ್ಲಗ್ಗುಗಳನ್ನು ಸಿಕ್ಕಿಸುವಾಗ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು, ಅದಲುಬದಲಾದರೆ ಬೋರ್ಡ್ ಸುಟ್ಟುಹೋಗುತ್ತದೆ. ಅಲ್ಲಿ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡು ಕೆಲಸ ಮಾಡಿದೆ. ಪ್ರಾಸೆಸರ್ ಆರಿಸುವಾಗ ಹಿಂದೆಮುಂದೆ ಯೋಚಿಸಲೇ ಇಲ್ಲ. ಗುಜರಿ ಅಂಗಡಿಯ ರಾಶಿಯಲ್ಲಿ ಆ ಬೋರ್ಡಿಗೆ ಹೊಂದುವ ಅತಿ ವೇಗದ್ದು ಯಾವುದೋ ಅದನ್ನೇ ಹಾಕಿದೆ. ಪೆಟ್ಟಿಗೆಯ ಮುಂದೆ ಟರ್ಬೋ, ಅಂದರೆ ಅತಿವೇಗ, ಎಂದು ಬರೆದ ಗುಂಡಿಯೊಂದಿತ್ತು. ಹೇಗೂ ಯಂತ್ರ ಓಡುವುದೇ ಪೂರ್ತಿ ವೇಗದಲ್ಲಿ, ಇದೊಂದು ಯಾಕೆ ಎಂದು ಅದರ ತಂತಿಗಳನ್ನು ಬೋರ್ಡಿಗೆ ಸೇರಿಸದೆ ಹಾಗೇ ಇಳಿಬಿಟ್ಟೆ. ಬುದ್ಧಿವಂತೆಯಲ್ಲವೇ ನಾನು!

ಭಾನುವಾರ ಊಟಕ್ಕೆ ಮೊದಲು ಎಲ್ಲರೂ ಕೋಣೆಯ ಬಾಗಿಲಲ್ಲಿ ಸೇರಿದರು. ಭಾವ ಅಳತೆ ಟೇಪು ಹಿಡಿದೇ ಬಂದಿದ್ದರು. ಅದನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು. ಸ್ವಿಚ್ ಒತ್ತಿದೆ. ಫ್ಯಾನು ಗುಂಯ್ ಎಂದಿತು, ಪರದೆಯ ಮೂಲೆಯಲ್ಲಿ ಅಂಕಿಗಳು ಓಡಿದವು, ಕೊನೆಗೊಂದು ಬೀಪ್. ನನ್ನ ಗಂಡ ಚಪ್ಪಾಳೆಯನ್ನೇ ಹೊಡೆದುಬಿಟ್ಟರು.

ಫ್ಲಾಪಿ ಹಾಕಿ ಕಾರ್ ಓಟದ ಆಟ ತೆರೆದೆ. ಶುರುವಾಯಿತು ಎನ್ನುವಷ್ಟರಲ್ಲಿ ಮುಗಿದೇ ಹೋಗಿತ್ತು. ನನ್ನ ಬೆರಳು ಕೀಲಿಗೆ ತಾಗುವ ಮೊದಲೇ ಕಾರು ಬೆಟ್ಟದಿಂದ ಉರುಳಿತ್ತು. ಮತ್ತೆ ಹಾಕಿದೆ, ಮತ್ತೆ ಉರುಳಿತು.

"ಪಾಪ, ನಿಂಗ್ಯಾಕಮ್ಮ ತೊಂದ್ರೆ," ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದೇ ಆಡುತ್ತೆ, ಅದೇ ಸೋಲುತ್ತೆ!"

ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡರು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ಸುಮ್ನಿರಿ ಭಾವ! ಅತ್ತೆ, ಊಟ ಮುಗಿಯೋವರೆಗೆ ಟೈಮ್ ಕೊಡಿ."

"ಆಯ್ತು, ಎಲೆ ಎತ್ತೋವರೆಗೆ," ಎಂದು ಅತ್ತೆ ಎಲ್ಲರನ್ನೂ ಒಳಗೆ ಕರೆದುಕೊಂಡು ಹೋದರು. ಗಂಡ ಮಾತ್ರ ಬಾಗಿಲಲ್ಲೇ ನಿಂತರು.

"ಕೆಟ್ಟೋಗಿದೆಯೇನೇ?"

"ಕೆಟ್ಟಿಲ್ಲ ರೀ. ಬಹಳ ಚೆನ್ನಾಗಿದೆ, ಅದೇ ಗ್ರಹಚಾರ."

ಹಾಗೆಂದ ಮೇಲೆ ನನಗೇ ಹೊಳೆಯಿತು. ಆ ಆಟ ಬರೆದವರ ಕಾಲದ ಯಂತ್ರಗಳು ತೆವಳುತ್ತಿದ್ದವು. ಯಂತ್ರ ಎಷ್ಟು ಬೇಗ ಓಡುತ್ತದೋ ಕಾರೂ ಅಷ್ಟೇ ಬೇಗ ಓಡುವಂತೆ ಬರೆದಿದ್ದರು. ನನ್ನ ವೇಗದ ಪ್ರಾಸೆಸರ್ ಪಾಪದ ಕಾರನ್ನು ದರದರ ಎಳೆದುಕೊಂಡು ಹೋಗಿ ಕಮರಿಗೆ ತಳ್ಳುತ್ತಿತ್ತು. ಹಾಗಾದರೆ ಟರ್ಬೋ ಗುಂಡಿ ಇದ್ದದ್ದು ಯಂತ್ರವನ್ನು ಓಡಿಸುವುದಕ್ಕಲ್ಲ, ತಡೆಯುವುದಕ್ಕೆ! ಕರೆಂಟ್ ತೆಗೆದು ಪೆಟ್ಟಿಗೆ ಬಿಚ್ಚಿದೆ. ಗಂಡ ಟಾರ್ಚ್ ಹಿಡಿದರು. ಬೋರ್ಡಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳ ನಡುವೆ ಆ ಹೆಸರಿನ ಪಿನ್ನುಗಳು ಕಂಡವು. ದಿನವಿಡೀ ಕನ್ನಡಕದ ತಿರುಪು ಹಾಕುವ ಕೈ, ಇಳಿಬಿಟ್ಟಿದ್ದ ತಂತಿಗಳನ್ನು ಅವಕ್ಕೆ ಸಲೀಸಾಗಿ ಸಿಕ್ಕಿಸಿತು.

ಎಲ್ಲರೂ ಕೈ ತೊಳೆದು ಬಂದಾಗ ನಾನು ಗುಂಡಿ ಒತ್ತಿ ಕಾದಿದ್ದೆ. ಈ ಸಲ ಕಾರು ಮನುಷ್ಯರು ಓಡಿಸುವ ಹಾಗೆ ಹೊರಟಿತು. ಎಡಕ್ಕೆ ತಿರುವು, ಸೇತುವೆ, ಎದುರಿಗೊಂದು ಲಾರಿ. ಒಮ್ಮೆ ಚಕ್ರ ಕಮರಿಯ ಅಂಚಿಗೇ ಹೋಯಿತು.

"ಬ್ರೇಕ್ ಹಾಕೇ, ಬ್ರೇಕ್!" ಎಂದು ಅತ್ತೆ ನನ್ನ ಭುಜ ಹಿಂಡಿದರು.

"ಬಲಕ್ಕಮ್ಮಾ, ಬಲಕ್ಕೆ!" ಭಾವನ ದನಿ. ತಾವು ಯಾರ ಪಕ್ಷವೆನ್ನುವುದನ್ನೇ ಮರೆತಿದ್ದರು.

ಬೆಟ್ಟ ಇಳಿದೆ, ಕೊನೆಯ ಗೆರೆ ದಾಟಿದೆ. ಮನೆಯವರೆಲ್ಲ ಒಟ್ಟಿಗೆ ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು.

"ಕೋಣೆ ಇವಳದು," ಎಂದರು ಅತ್ತೆ. ಭಾವ ಟೇಪನ್ನು ಜೇಬಿಗೆ ತುರುಕಿ, "ಅಲ್ಲಮ್ಮ, ಒಂದೇ ಒಂದ್ಸಲ ನಂಗೂ ಕೊಡ್ತೀಯಾ?" ಎಂದು ಹಲ್ಲು ಕಿರಿದರು.

"ಇರಿ ಭಾವ, ಪರದೆ ಮೇಲೆ ಏನೋ ಕೇಳ್ತಿದೆ."

ಗೆದ್ದವರ ಪಟ್ಟಿಯಲ್ಲಿ ಬರೆಯಲು ಆಟವು ಹೆಸರು ಕೇಳುತ್ತಿತ್ತು. ನಾನು ಚಿಕ್ಕವಳಿದ್ದಾಗ ತವರಿನಲ್ಲಿ ಕಂಪ್ಯೂಟರ್ ಅಣ್ಣಂದಿರದು. ಅವರು ಆಡುವಾಗ ನಾನು ಕುರ್ಚಿಯ ಹಿಂದೆ ನಿಂತು ಮುಂದಿನ ತಿರುವು ಯಾವುದೆಂದು ಹೇಳಿಕೊಡುತ್ತಿದ್ದೆ. ಗೆದ್ದಾಗ ಪಟ್ಟಿಯ ತುಂಬ ಅವರವರ ಹೆಸರೇ. ಕೀಲಿ ಮುಟ್ಟಲು ಹೋದರೆ, "ಕೆಡಿಸಿಬಿಡ್ತೀಯ" ಎಂದು ಕೈ ಸರಿಸುತ್ತಿದ್ದರು.

"ಮನೆ ಹೆಸರು ಹಾಕು, ಎಲ್ಲರದ್ದೂ ಆಗುತ್ತೆ," ಎಂದರು ಭಾವ.

"ಇಲ್ಲ ಭಾವ," ಎಂದೆ. ಒಂದೊಂದೇ ಅಕ್ಷರ ಹುಡುಕಿ, ಯಾವ ಅವಸರವೂ ಇಲ್ಲದೆ, ನನ್ನ ಹೆಸರು ಒತ್ತಿದೆ. ಫ್ಲಾಪಿ ಕರಕರ ಎಂದು ಅದನ್ನು ಬರೆದುಕೊಂಡಿತು.