ಅನು ಸೇರಿದ ಕಾಲೇಜು ಯಾರದು?

ನಮ್ಮ ನಜರ್‌ಬಾದ್ ಬಡಾವಣೆಯಲ್ಲಿ ಗಂಡು ಹೆಣ್ಣಿನ ಸಂಬಂಧ ಕೂಡಿಸಬೇಕಾದರೆ ಮೊದಲು ನನ್ನನ್ನೇ ಕೇಳುತ್ತಾರೆ. ಹುಡುಗ ಯಾರ ಮಗ, ತಾಯಿಯ ತವರು ಯಾವುದು, ಸೋದರಮಾವ ಎಂಥವನು, ಹಿಂದೆ ನೋಡಿದ ಸಂಬಂಧ ಯಾಕೆ ತಪ್ಪಿತು, ಎಲ್ಲ ಕೆದಕದೆ ಈ ಸರೋಜಮ್ಮ ತಾಂಬೂಲ ಬದಲಾಯಿಸಲು ಬಿಟ್ಟವಳಲ್ಲ. ಆ ಜಂಬ ನನಗಿತ್ತು. ಈಗ ಇಲ್ಲ.

ಮೂರು ವರ್ಷದ ಹಿಂದೆ ಮಗಳು ಅನುವನ್ನು ನರ್ಸಿಂಗ್‌ಗೆ ಸೇರಿಸಲು ಹೊರಟೆ. ಫೋನಿನಲ್ಲಿ ಒಂದು ಕಾಲೇಜಿನ ಹೆಸರು ಹಾಕಿ ಹುಡುಕಿದೆವು. ದೊಡ್ಡ ಕಟ್ಟಡ, ಬಿಳಿ ಬಟ್ಟೆಯ ಹುಡುಗಿಯರು, ಸಾಲು ಸಾಲು ಹೊಗಳಿಕೆ ಕಂಡವು. ಪಕ್ಕದ ಮನೆಯ ಚೂಡಾಮಣಿ ಬೇರೊಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇದೆಲ್ಲ ಕಾಲೇಜಿನವರೇ ಹಾಕಿಕೊಂಡದ್ದು, ಮಾನ್ಯತೆ ಕೊಡುವ ನರ್ಸಿಂಗ್ ಕೌನ್ಸಿಲ್ ವೆಬ್‌ಸೈಟಿನ ಪಟ್ಟಿ ನೋಡಿ ಎಂದರು.

"ಅಷ್ಟು ದೊಡ್ಡ ಬೋರ್ಡ್ ಸುಮ್ನೆ ಹಾಕ್ಕತಾರಾ? ನೀವು ಎಲ್ಲದ್ರಲ್ಲೂ ಹುಳುಕು ಹುಡುಕ್ತೀರ ಬುಡಿ" ಅಂದುಬಿಟ್ಟೆ. ಮರುದಿನವೇ ಫೀಸು ಕಟ್ಟಿ ಅನುವನ್ನು ಅಲ್ಲಿಗೇ ಸೇರಿಸಿದೆ.

ಈ ವರ್ಷ ಅನು ಸರ್ಟಿಫಿಕೇಟ್ ಹಿಡಿದು ಆಸ್ಪತ್ರೆಗೆ ಕೆಲಸ ಕೇಳಲು ಹೋದಳು. ಕೌನ್ಸಿಲ್ ನೋಂದಣಿ ಎಲ್ಲಿ ಎಂದರು. ನೋಂದಣಿಗೆ ಹೋದರೆ, ಕಾಲೇಜೇ ಪಟ್ಟಿಯಲ್ಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ನಾಚಿಕೆ ಬಿಟ್ಟು ಚೂಡಾಮಣಿಯವರ ಬಾಗಿಲು ತಟ್ಟಿದೆ. ಹಳೆಯದನ್ನು ಎತ್ತಿ ಆಡದೆ ಅವರು ಫೋನ್ ತೆಗೆದು ಕೌನ್ಸಿಲ್ ಪಟ್ಟಿ ತೋರಿಸಿದರು. ಅನುವಿನ ಕಾಲೇಜು ನಡೆಸುವ ಟ್ರಸ್ಟಿನದೇ ಇನ್ನೊಂದು ಕಾಲೇಜಿಗೆ ಮಾನ್ಯತೆ ಇತ್ತು. ಅದರ ಹೆಸರು ಹೇಳಿಕೊಂಡು ಇದನ್ನು ನಡೆಸುತ್ತಿದ್ದರು.

"ಹೆಸರು ಹುಡುಕಿದ್ರೆ ಹೆಸರಷ್ಟೇ ಸಿಗತ್ತೆ, ಸರೋಜಮ್ಮ. ಯಾರು ನಡೆಸ್ತಾರೆ, ಯಾವ ಕೋರ್ಸಿಗೆ ಒಪ್ಪಿಗೆ ಇದೆ, ಯಾವ ವರ್ಷದವರೆಗೆ, ಆ ಸಂಬಂಧ ನೋಡ್ಬೇಕು. ನೀವು ಗಂಡಿನ ಕಡೆಯವರನ್ನ ವಿಚಾರಿಸ್ತೀರಲ್ಲ, ಹಾಗೇ ಕಣ್ರೀ."

ಬಾಗಿಲಲ್ಲಿ ನಿಂತಿದ್ದ ಅನು ಅಳಲಿಲ್ಲ. "ಅವ್ವ, ಇದು ನನ್ನ ಮದ್ವೆ ಆಗಿದ್ರೆ ಹಿಂಗೆ ಏನೂ ವಿಚಾರಿಸ್ದೆ ಕೊಟ್ಬುಡ್ತಿದ್ಯಾ?" ಅಂದಳು, ಅಷ್ಟೇ.

ಅವಳು ಈಗ ಪಟ್ಟಿಯಲ್ಲಿರುವ ಕಾಲೇಜಿನಲ್ಲಿ ಮತ್ತೆ ಮೊದಲ ವರ್ಷ ಓದುತ್ತಿದ್ದಾಳೆ. ಜೊತೆಯಲ್ಲಿ ಓದುವ ಚಿಕ್ಕವರು ಅವಳನ್ನು ಅಕ್ಕಾ ಎನ್ನುತ್ತಾರಂತೆ.

ಅಕ್ಕ ತಂಗಿಯರೇ, ಫೋನಿನಲ್ಲಿ ಮೊದಲು ಕಂಡದ್ದನ್ನೇ ನಂಬಿ ಮಕ್ಕಳನ್ನು ಸೇರಿಸಬೇಡಿ. ಮಾನ್ಯತೆ ಕೊಡುವವರ ಸ್ವಂತ ವೆಬ್‌ಸೈಟ್ ತೆರೆದು ಕಾಲೇಜು, ಕೋರ್ಸು, ವರ್ಷ ಮೂರೂ ಒಟ್ಟಿಗೆ ಇವೆಯೇ ನೋಡಿ. ನೋಡಲು ಬಾರದಿದ್ದರೆ ಬಲ್ಲವರನ್ನು ಕೇಳಿ, ನನ್ನ ಹಾಗೆ ಅವರ ಬಾಯಿ ಮುಚ್ಚಿಸಬೇಡಿ. ನಮ್ಮ ಮನೆಗೆ ಬಂದರೂ ಸರಿ, ಅನು ನೋಡಿಕೊಡುತ್ತಾಳೆ. ಹತ್ತು ನಿಮಿಷದ ಕೆಲಸ. ಅವಳ ಮೂರು ವರ್ಷವನ್ನು ಮಾತ್ರ ನಾನು ಎಲ್ಲಿಂದ ತರಲಿ?