ಮಿಸ್ತ್ರಿಯ ಕೆಂಪು ಟೇಪು

ಆ ವರ್ಕ್‌ಶಾಪಿನಲ್ಲಿ ತಪ್ಪೇ ಮಾಡದವನು ಒಬ್ಬನಿದ್ದ: ಅದರ ಮಿಸ್ತ್ರಿ. ಗಾಡಿ ಕೆಟ್ಟರೆ ಡೀಸೆಲ್ ಕಲಬೆರಕೆ, ಇಲ್ಲವೇ ಇಲಿ ಕಡಿದದ್ದು. ಅದೂ ಅಲ್ಲವಾದರೆ ಓಡಿಸುವವನಿಗೆ ಓಡಿಸಲು ಬರುವುದಿಲ್ಲ.

ಈ ಸಲ ಓಡಿಸುವವನು ಮಿಸ್ತ್ರಿಯ ಬಾಮೈದನೇ. ಅವನ ಆಂಬುಲೆನ್ಸ್ ಏರಿನಲ್ಲಿ ಉಸಿರು ಕಟ್ಟಿ ನಿಂತಾಗ, ಒಳಗೆ ಮಲಗಿದ್ದ ರೋಗಿಯೇ ಗಾಡಿಯ ಆರೋಗ್ಯ ವಿಚಾರಿಸಿದನಂತೆ. ಬೇರೆ ಡ್ರೈವರನ್ನು ನೋಡುತ್ತೇನೆ ಎಂದು ಆಂಬುಲೆನ್ಸಿನ ಸೂಪರ್‌ವೈಸರ್ ಹೇಳಿಬಿಟ್ಟಿದ್ದರು. ಹೇಳದೆ ಏನು? ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನೇ ಹೊಸದು ಹಾಕಿದ್ದೇನೆ, ಇನ್ನು ಕೈಕೊಟ್ಟರೆ ಅದು ಓಡಿಸುವವನ ತಪ್ಪು ಎಂದು ಹೋದ ವಾರ ಅವರಿಗೆ ಸರ್ಟಿಫಿಕೇಟ್ ಕೊಟ್ಟವನು ಮಿಸ್ತ್ರಿಯೇ.

ದೋಷ ಹುಡುಕುವ ಸ್ಕ್ಯಾನರ್ ಹಚ್ಚಿದರೆ ಮತ್ತೆ ಹೋದ ವಾರದ್ದೇ ಮಾತು: ಮೂರನೇ ಇಂಜೆಕ್ಟರಿಗೆ ಕರೆಂಟು ಸರಿಯಾಗಿ ಹೋಗುತ್ತಿಲ್ಲ. ಸ್ಕ್ಯಾನರ್ ಬಲು ನಾಜೂಕಿನದು. ಜಗಳ ಯಾವ ಮನೆಯಲ್ಲೆಂದು ಹೇಳುತ್ತದೆ, ತಪ್ಪು ಯಾರದೆಂದು ಬಾಯಿ ಬಿಡುವುದಿಲ್ಲ.

ಮಿಸ್ತ್ರಿ ಎರಡನೇ ಇಂಜೆಕ್ಟರನ್ನೂ ಮೂರನೆಯದನ್ನೂ ಅದಲುಬದಲು ಮಾಡಿದ. ದೋಷ ಇಂಜೆಕ್ಟರಿನದಾಗಿದ್ದರೆ ಅದರ ಬೆನ್ನು ಹತ್ತಿ ಹೋಗಬೇಕಿತ್ತು. ಹೋಗಲಿಲ್ಲ, ಮೂರರಲ್ಲೇ ಕೂತಿತು. ಅಂದರೆ ಕೆಟ್ಟದ್ದು ತಂತಿ. ಹೊಸ ಇಂಜೆಕ್ಟರ್ ದಂಡ.

"ಇಲಿ," ಎಂದ ಮಿಸ್ತ್ರಿ, ನೋಡುವ ಮೊದಲೇ.

ಎಂಜಿನ್ ಚಾಲೂ ಇಟ್ಟು ತಂತಿಗಳ ಕಟ್ಟನ್ನು ಅಲುಗಾಡಿಸುತ್ತ ಹೋದ. ಒಂದು ಕಡೆ ಕೈಯಿಟ್ಟೊಡನೆ ಎಂಜಿನ್ ಕೆಮ್ಮಿತು. ಅಲ್ಲಿ ಯಾರೋ ಸೈರನ್ನಿನ ತಂತಿಯನ್ನು ಇಂಜೆಕ್ಟರ್ ತಂತಿಗಳ ಜೊತೆ ಸೇರಿಸಿ, ತಗಡಿನ ಅಂಚಿಗೆ ಎಳೆದು ಬಿಗಿದಿದ್ದರು. ಎಂಜಿನ್ ನಡುಗಿದಾಗಲೆಲ್ಲ ಅಂಚು ತಂತಿಯನ್ನು ತಿಂದಿತ್ತು. ಮೇಲೆ ಸುತ್ತಿದ್ದು ಕೆಂಪು ಟೇಪು. ಊರೆಲ್ಲ ಕಪ್ಪು ಟೇಪು ಸುತ್ತಿದರೆ, ಕೆಲಸ ಯಾರದೆಂದು ಜನಕ್ಕೆ ಗೊತ್ತಾಗಲಿ ಎಂದು ಕೆಂಪು ಸುತ್ತುವವನು ಮಿಸ್ತ್ರಿಯೊಬ್ಬನೇ. ಗೊತ್ತಾಯಿತು.

ಬಾಮೈದ ಟೇಪು ನೋಡಿದ, ಮುಖ ನೋಡಿದ. "ಇಲಿಗೆ ಕೆಂಪು ಟೇಪು ಎಲ್ಲಿ ಸಿಕ್ತು ಭಾವ?"

ಇಲಿಯ ತಲೆಗೇ ಕಟ್ಟಬಹುದಿತ್ತು. ಆದರೆ ಇಲಿ ಸೇರುವಂಥ ಜಾಗದಲ್ಲಿ ಗಾಡಿ ನಿಲ್ಲಿಸಿದವನು ಯಾರು ಎಂದು ಸೂಪರ್‌ವೈಸರ್ ಕೇಳದೆ ಬಿಡುವವರಲ್ಲ. ಹುಡುಗನ ಕೆಲಸ ಹೋದರೆ ಮನೆಯಲ್ಲಿ ಅವನಕ್ಕ ಬಿಡುವವಳಲ್ಲ. ಮಿಸ್ತ್ರಿ ತಂತಿ ಬೆಸೆದು, ಅಂಚಿನಿಂದ ದೂರ ಸರಿಸಿ ಕಟ್ಟಿ, ಸೂಪರ್‌ವೈಸರಿಗೆ ಫೋನು ಮಾಡಿದ.

"ಹುಡುಗನದ್ದೇನೂ ತಪ್ಪಿಲ್ಲ ಸಾರ್. ಯಾವನೋ ಮುಠ್ಠಾಳ ಸೈರನ್ ವೈರು ತಪ್ಪಾಗಿ ಕಟ್ಟಿದಾನೆ."

"ಯಾವನ್ರೀ ಅವನು?"

ಮಿಸ್ತ್ರಿ ಗಂಟಲು ಸರಿಮಾಡಿಕೊಂಡ. "ಹುಡುಗನ ಅಕ್ಕನ ಗಂಡ ಸಾರ್."

"ಅಂಥವನ ಕೈಗೆ ಇನ್ಮೇಲೆ ಗಾಡಿ ಕೊಡಬೇಡ ಅಂತ ಹುಡುಗನಿಗೆ ಹೇಳಿ. ನಾಳೆ ಡ್ಯೂಟಿಗೆ ಬರ್ಲಿ."

"ಹೇಳ್ತೀನಿ ಸಾರ್," ಎಂದು ಫೋನಿಟ್ಟ ಮಿಸ್ತ್ರಿ, ಬಾಮೈದನ ನಗು ನಿಲ್ಲುವವರೆಗೆ ಕಾದು, ಅವನನ್ನೇ ಕಪ್ಪು ಟೇಪು ತರಲು ಅಂಗಡಿಗೆ ಓಡಿಸಿದ.