ಮಾಳಿಗೆಯ ಮೇಲೆ ಕಟ್ಟಿದ ಸೈಕಲ್ಲು

ನಾನು ಒಂದು ಸೈಕಲ್ಲು. ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿ, ಹೊಸ ಬಣ್ಣದ ವಾಸನೆಯೊಂದಿಗೆ ಅಂಗಡಿಗೆ ಬಂದ ಸೈಕಲ್ಲಲ್ಲ. ನನ್ನ ಮೈ ಒಂದು ಕಡೆ ಹುಟ್ಟಿತು, ಗಾಲಿಗಳು ಬೇರೆ ಬೇರೆ ಕಡೆ ಹುಟ್ಟಿದವು, ಹ್ಯಾಂಡಲ್ಲಂತೂ ಸೈಕಲ್ಲಿನದೇ ಅಲ್ಲ. ಹೀಗಾಗಿ ‘ನಾನು’ ಅನ್ನುವಾಗ ನನಗೇ ಸ್ವಲ್ಪ ಅನುಮಾನ. ಹಳೆಯ ನೆನಪೆಲ್ಲ ಇರುವುದು ಮೈಯಲ್ಲಿ. ಅಲ್ಲಿಂದಲೇ ಶುರುಮಾಡುತ್ತೇನೆ.

ನನ್ನ ಮೈ ಮೊದಲು ಗದಗಿನ ಹತ್ತಿ ಮಿಲ್ಲೊಂದರ ಮ್ಯಾನೇಜರರ ಸೈಕಲ್ಲಾಗಿತ್ತು. ಸಾಧಾರಣ ಸೈಕಲ್ಲಿನ ಹಾಗೆ ನೆಟ್ಟಗೆ ನಿಂತ ಮೈಯಲ್ಲ. ಉದ್ದ, ತಗ್ಗು, ಮೇಲಿನ ಕೊಳವೆ ಬಿಲ್ಲಿನ ಹಾಗೆ ಬಾಗಿದ್ದು. ಅವಸರದವರಿಗೆ ಅದು ಹೇಳಿ ಮಾಡಿಸಿದ್ದಲ್ಲ. ಬೆನ್ನು ನೆಟ್ಟಗೆ ಮಾಡಿ, ಗಾಳಿ ಕುಡಿಯುತ್ತ ಹೋಗುವವರಿಗೆ. ಆದರೆ ಮ್ಯಾನೇಜರರು ಹೋಗುತ್ತಿದ್ದುದಾದರೂ ಎಲ್ಲಿಗೆ? ಬಂಗಲೆಯಿಂದ ಗೋದಾಮಿಗೆ, ಗೋದಾಮಿನಿಂದ ಬಂಗಲೆಗೆ. ಮಿಲ್ಲಿನ ಗೇಟಿನಾಚೆಯ ರಸ್ತೆ ನನಗೆ ಕಾಣುತ್ತಿತ್ತು, ಅಷ್ಟೇ. ಮಿಲ್ಲು ಮುಚ್ಚಿದ ಮೇಲೆ ಅದೇ ಗೋದಾಮಿನ ಗೋಡೆಯ ಮೊಳೆಗೆ ನೇತುಬಿದ್ದೆ. ಗಾಲಿಗಳನ್ನು ಯಾರೋ ಬಿಚ್ಚಿಕೊಂಡು ಹೋದರು. ಕಡೆಗೆ ಬೆಟಗೇರಿಯ ದಸ್ತಗೀರಸಾಬನ ಗುಜರಿಗೆ ಬಂದು ಬಿದ್ದೆ. ನನ್ನ ಮೇಲೆ ಕಿಟಕಿಯ ಸರಳು, ಸರಳಿನ ಮೇಲೆ ತಗಡಿನ ಪೀಪಾಯಿ. ಕಬ್ಬಿಣಕ್ಕೆ ಉಸಿರು ಕಟ್ಟುವುದಿಲ್ಲ ಎಂದು ನೀವು ಅಂದುಕೊಂಡಿರಬಹುದು.

ಒಂದು ದಿನ ದಸ್ತಗೀರಸಾಬ ಪೀಪಾಯಿ ಸರಿಸಿ, ಸರಳು ಎತ್ತಿ, ನನ್ನನ್ನು ಹೊರಗೆಳೆದ. ಎದುರಿಗೆ ಒಬ್ಬ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

“ಇದನ್ನ ಒಯ್ಯಿ ತಂಗಿ. ಅವನ ಕೈಯಾಗ ಏನರ ಇರಲಿ. ಕೈ ಖಾಲಿ ಕುಂತ್ರ ಮನಶಾನ ತಲಿ ಕೆಡತೈತಿ” ಅಂದ.

ಅವಳು ಸಂಕವ್ವ. ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ‘ಅವನು’ ಎಂದರೆ ಅವಳ ಗಂಡ ಗೂಳಪ್ಪ. ಅವಳು ನನ್ನನ್ನು ಹೆಗಲ ಮೇಲೆ ಹೊತ್ತು ನೇಕಾರರ ಓಣಿಯ ಒಂದು ಹಳೆಯ ಮನೆಗೆ ತಂದಳು. ಕೆಳಗೆ ಮನೆಯ ಮಾಲೀಕರ ಹಳೆಯ ಮಗ್ಗದ ಕೋಣೆ, ಖಾಲಿ. ಮೇಲೆ ಮಾಳಿಗೆಯಲ್ಲಿ ಇವರ ಬಾಡಿಗೆ ಸಂಸಾರ. ನಡುವೆ ಗೋಡೆಯೊಳಗೆ ಕೊರೆದಂಥ ಕಲ್ಲಿನ ಮೆಟ್ಟಿಲು, ಒಬ್ಬರು ಹೋದರೆ ಇನ್ನೊಬ್ಬರಿಗೆ ಜಾಗವಿಲ್ಲ. ಅರ್ಧಕ್ಕೆ ಬಂದು ಅದು ಥಟ್ಟನೆ ಹೊರಳುತ್ತದೆ. ಆ ತಿರುವಿನಲ್ಲಿ ನಾನು ಸಿಕ್ಕಿಬಿದ್ದೆ. ಸಂಕವ್ವ ನನ್ನನ್ನು ಓರೆ ಮಾಡಿ, ತಲೆಕೆಳಗು ಮಾಡಿ, ಗೋಡೆಯ ಸುಣ್ಣ ಉದುರಿಸಿ, ಬೈದು, ಹೇಗೋ ಮೇಲಕ್ಕೆ ನೂಕಿದಳು.

ಮೇಲೆ ಕಿಟಕಿಯ ಪಕ್ಕದ ಮಂಚದ ಮೇಲೆ ಗೂಳಪ್ಪ ಕೂತಿದ್ದ. ವಿದ್ಯುತ್ ಇಲಾಖೆಯ ಲೈನ್‌ಮನ್ ಆಗಿದ್ದವನು. ಗಾಳಿಮಳೆಯ ದಿನ ಕಂಬದಿಂದ ಬಿದ್ದು, ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಬಲಗಾಲಿತ್ತು, ಸೊಂಟದಲ್ಲಿ ಬಲವಿರಲಿಲ್ಲ. ಎರಡು ಊರುಗೋಲು ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ ಹೋಗುತ್ತಿದ್ದ. ಮಿಲ್ಲಿನ ಆ ದಿನಗಳು ನೆನಪಾದವು ನನಗೆ.

ಅವನು ಕೆಳಗಿಳಿಯದೆ ವರ್ಷಗಳೇ ಆಗಿದ್ದವು. ಅದರ ಕಾರಣ ನನಗೆ ಅವರಿಬ್ಬರ ಜಗಳಗಳಿಂದ ತಿಳಿಯಿತು. ಆಸ್ಪತ್ರೆಯಿಂದ ತಂದ ದಿನ ಜೊತೆಯ ಲೈನ್‌ಮನ್ನರಿಬ್ಬರು ಅವನನ್ನು ಹೊತ್ತು ಮೆಟ್ಟಿಲು ಹತ್ತಿಸಿದ್ದರು. ತಿರುವಿನಲ್ಲಿ ಒಬ್ಬನ ಕಾಲು ಜಾರಿ, ಗೂಳಪ್ಪನ ತಲೆ ಗೋಡೆಗೆ ಬಡಿಯಿತು. ಕೆಳಗೆ ನೆರೆದಿದ್ದವರಲ್ಲಿ ಯಾರೋ ನಕ್ಕರು. ನಕ್ಕವರು ಅದಕ್ಕೇ ನಕ್ಕರೋ, ಬೇರೆ ಮಾತಿಗೆ ನಕ್ಕರೋ ದೇವರೇ ಬಲ್ಲ. ಅವತ್ತೇ ಅವನು ಹೇಳಿಬಿಟ್ಟ: “ಇನ್ನ ನನ್ನ ಯಾರೂ ಜ್ವಾಳದ ಚೀಲ ಹೊತ್ತಂಗ ಹೊರೂದು ಬ್ಯಾಡ.”

“ಹೊರೂದು ಬ್ಯಾಡ. ಕುಂತು ಕುಂತು ಒಂದೊಂದ ಮೆಟ್ಲ ಇಳೀರಿ. ಕೆಳಗ ಮಗ್ಗದ ಖೋಲಿ ಖಾಲಿ ಐತಿ, ಮಾಲಕರು ಕೊಡ್ತೀನಿ ಅಂದಾರ” ಎಂದು ಸಂಕವ್ವ ಎಷ್ಟೋ ಸಲ ಹೇಳಿದ್ದಳಂತೆ.

“ಕುಂಡಿ ಊರಿಕೊಂತ ಕೂಸಿನಂಗ ಇಳೀಲೇನು? ಕಂಬ ಹತ್ತಿದಾಂವ ನಾನು.”

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಅವಳು ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುವಳು, ಬೂದಿ ಹೊತ್ತು ಇಳಿಯುವಳು.

ನನ್ನನ್ನು ಕಂಡ ಗೂಳಪ್ಪ ಮೊದಲು ಮುಖ ತಿರುಗಿಸಿದ. ಮರುದಿನ ಬೆರಳಿನಿಂದ ನನ್ನ ತುಕ್ಕು ಕೆರೆದ. ಆಮೇಲೆ ಸೀಮೆಎಣ್ಣೆ ಕೇಳಿದ. ಹಾಗೆ ನಾನು ಎರಡನೇ ಸಲ ಹುಟ್ಟತೊಡಗಿದೆ.

ದಸ್ತಗೀರಸಾಬನ ಗುಜರಿಯಿಂದ ನನ್ನ ಅಂಗಗಳು ಒಂದೊಂದಾಗಿ ಬಂದವು. ಹಿಂದಿನ ಗಾಲಿ, ಗಟ್ಟಿ ಕ್ಯಾರಿಯರ್, ಎರಡು ಕಾಲಿನ ಸ್ಟ್ಯಾಂಡು ಒಬ್ಬ ಹಾಲಿನವನ ಸೈಕಲ್ಲಿನವು. ಆ ಗಾಲಿ ಎಷ್ಟು ತೊಳೆದರೂ ಹುಳಿಹಾಲು ನಾರುತ್ತಿತ್ತು. ಮುಂದಿನ ಗಾಲಿ ಬ್ರೆಡ್ಡು ಮಾರುವವನದು. ಹ್ಯಾಂಡಲ್ಲು ಯಾವುದೋ ಮುರುಕು ಮೊಪೆಡ್ಡಿನದು, ಎಮ್ಮೆಯ ಕೋಡಿನಷ್ಟು ಅಗಲ. ಸ್ಪ್ರಿಂಗಿನ ದೊಡ್ಡ ಸೀಟನ್ನು ಸಂಕವ್ವ ತನ್ನ ಹಳೆಯ ಕೌದಿಯ ತುಂಡು ಹಾಕಿ ಹೊಲಿದಳು. ಗೂಳಪ್ಪ ನೆಲದ ಮೇಲೆ ಕೂತು, ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಕೆಲಸ ಮಾಡುತ್ತಿದ್ದ. ನಟ್ಟು ಬಿಗಿಯುವ ಪಾನಾ ಕೊಡುವುದಕ್ಕೂ, ಅವನ ಕೈಗೆ ಎಟುಕದ್ದಕ್ಕೆಲ್ಲವೂ ಸಂಕವ್ವನ ಕೈ.

“ಆ ಪಾನಾ ಅಲ್ಲ, ಸಣ್ಣದು. ಹಿಡಿ. ಅಲುಗಬ್ಯಾಡ.”

“ನಾ ಅಲುಗವಲ್ಲೆ, ನಿಮ್ಮ ತೊಡಿ ಅಲುಗಾಕ ಹತ್ತೇತಿ.”

ಕಡ್ಡಿಗಳನ್ನು ಒಂದೊಂದೇ ಬಿಗಿದು ಗಾಲಿಯ ಓಲಾಟ ತೆಗೆಯುವಾಗ ಅವನು ಬೀಡಿಯನ್ನೂ ಮರೆಯುತ್ತಿದ್ದ. ಕಡೆಗೆ ಮಂಚದ ಕೆಳಗಿಂದ ಒಂದು ಡಬ್ಬಿ ತೆಗೆದ. ವಿದ್ಯುತ್ ಕಂಬಗಳಿಗೆ ಬಳಿಯುವ ಬೆಳ್ಳಿ ಬಣ್ಣ. ಅದನ್ನು ನನಗೆ ಬಳಿದ. ಮಾಳಿಗೆಯ ಆ ಮಬ್ಬಿನಲ್ಲಿ ನಾನು ಹೊಳೆದೆ.

ಆಮೇಲೆ? ಆಮೇಲೆ ಏನೂ ಇಲ್ಲ. ನನ್ನನ್ನು ಸ್ಟ್ಯಾಂಡಿನ ಮೇಲೆ ಕಿಟಕಿಯ ಪಕ್ಕ ನಿಲ್ಲಿಸಿದ. ಸಂಜೆ ಕೈಯಿಂದ ಪೆಡಲ್ ತಿರುಗಿಸುವನು. ಹಿಂದಿನ ಗಾಲಿ ಗರಗರ ಸುತ್ತುವುದು. ಅವನು ಕಣ್ಣು ಮುಚ್ಚಿ ಆ ಸದ್ದು ಕೇಳುವನು. ಲೆಕ್ಕ ಹಾಕಿದರೆ ನಾನು ಹುಬ್ಬಳ್ಳಿ ದಾಟಿ ಎಲ್ಲಿಗೋ ಹೋಗಿರಬೇಕಿತ್ತು. ಒಂದು ಗೇಣೂ ಸರಿದಿರಲಿಲ್ಲ. ಕೆಳಗೆ ಓಣಿಯಲ್ಲಿ ಮಣ್ಣಿನ ಮೇಲೆ ಹಾದುಹೋಗುವ ಬೇರೆ ಸೈಕಲ್ಲುಗಳ ಸದ್ದು ಕೇಳಿದಾಗ ನನ್ನ ಮುಂದಿನ ಗಾಲಿ ತಾನಾಗಿ ಆ ಕಡೆ ಹೊರಳುತ್ತಿತ್ತು. ಗೂಳಪ್ಪ ಅದನ್ನು ಹಿಡಿದು ನೆಟ್ಟಗೆ ಮಾಡುತ್ತಿದ್ದ.

ಒಂದು ಸಂಜೆ ಸಂಕವ್ವ ಸಾಲಿಯಿಂದ ಬಂದು ಹೊಸ್ತಿಲಲ್ಲೇ ಕುಸಿದು ಕೂತಳು. ಪಾದ ಊದಿದ್ದವು. ಸಾಲಿ ಊರಿನ ಆ ತುದಿಗೆ, ಮನೆ ಈ ತುದಿಗೆ.

“ರೀ, ನಾ ಸೈಕಲ್ ಕಲೀತೀನಿ” ಅಂದಳು.

ಗೂಳಪ್ಪ ಗಾಲಿ ನಿಲ್ಲಿಸಿದ. “ಇದು ಇಳಿಯೂದಿಲ್ಲ. ಮೆಟ್ಲದಾಗ ಹಿಡಿಯೂದಿಲ್ಲ.”

“ಬಿಚ್ಚಿದ್ರ ಹಿಡೀತೈತಿ.”

“ಬಿಚ್ಚಾಕ ಕಟ್ಟೇನೇನು ನಾ?”

“ಮತ್ತ ಯಾತಕ್ಕ ಕಟ್ಟೀರಿ? ನೀವೂ ಇಳಿಯೂದಿಲ್ಲ, ಇದನ್ನೂ ಇಳಿಸೂದಿಲ್ಲ. ನಾನರ ದಿನಾ ಹತ್ತಿ ಇಳದು ಹತ್ತಿ ಇಳದು ಸಾಯಬೇಕು. ಈ ಖೋಲಿಯಾಗ ಮೂರು ಮಂದಿ ಕೈದಿ ಆಗೇವಿ ನೋಡ್ರಿ.”

ಅವಳು ನನ್ನನ್ನೂ ಎಣಿಸಿದಳು. ನನ್ನನ್ನು ಲೆಕ್ಕಕ್ಕೆ ಹಿಡಿದವರು ಅದುವರೆಗೆ ಯಾರೂ ಇರಲಿಲ್ಲ.

ಗೂಳಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ಮುಂದಿನ ರವಿವಾರ ಬೆಳಿಗ್ಗೆ ಸಂಕವ್ವ ಪಾನಾ ತೆಗೆದುಕೊಂಡು ನನ್ನ ಮುಂದೆ ಕೂತಳು. ಇಷ್ಟು ದಿನ ಹಿಡಿದು, ಕೊಟ್ಟು, ಬಿಗಿದು ಅವಳ ಕೈಗೆ ನನ್ನ ನಟ್ಟುಗಳೆಲ್ಲ ಗೊತ್ತಾಗಿದ್ದವು.

“ಸಂಕಿ, ಕೈ ಹಚ್ಚಬ್ಯಾಡ!”

ಅವಳು ಹ್ಯಾಂಡಲ್ಲು ಬಿಚ್ಚಿದಳು, ಸೀಟು ಬಿಚ್ಚಿದಳು, ಗಾಲಿಗಳನ್ನೂ ಮುಂದಿನ ಫೋರ್ಕನ್ನೂ ಬಿಚ್ಚಿದಳು. ಅವನು ಕೂಗಿದ, ಬೈದ, ಒಂದು ಊರುಗೋಲನ್ನೂ ಬೀಸಿ ಒಗೆದ. ಅದು ಗೋಡೆಗೆ ಬಿತ್ತು. ಅವಳು ಅದನ್ನು ಎತ್ತಿ ಅವನ ಮಂಚಕ್ಕೆ ಒರಗಿಸಿ, ನನ್ನ ಮೈಯನ್ನು ಹೆಗಲಿಗೇರಿಸಿದಳು. ಬಿಡಿ ಬಿಡಿಯಾಗಿ ನಾನು ಕೆಳಗಿಳಿದೆ. ಮೆಟ್ಟಿಲ ಬುಡದಲ್ಲಿ ಗೋಣಿಚೀಲದ ಮೇಲೆ ನನ್ನನ್ನು ಹರಡಿ ಅವಳು ಮೇಲಕ್ಕೆ ಕೂಗಿ ಹೇಳಿದಳು: “ಬ್ಯಾರೇದವರ ಕಡೆ ಜೋಡಸೂದಿಲ್ಲ. ನಿಮಗ ಜೋಡಸೂದಿತ್ತಂದ್ರ ಬರ್ರಿ.”

ಅವನು ಬರಲಿಲ್ಲ. ನಾನು ಅಲ್ಲೇ ಕತ್ತಲಲ್ಲಿ, ಮೈ ಒಂದು ಕಡೆ ಗಾಲಿ ಒಂದು ಕಡೆ, ಧೂಳು ತಿನ್ನುತ್ತ ಬಿದ್ದಿದ್ದೆ. ಮೇಲಿದ್ದಾಗ ಒಂದು ಕಿಟಕಿಯಾದರೂ ಇತ್ತು. ಬೀದಿ ಈಗ ನಾಲ್ಕು ಹೆಜ್ಜೆಯಾಚೆ, ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಹೋಗಲು ನಾನೇ ಇರಲಿಲ್ಲ. ಮಾಳಿಗೆಯ ಮೇಲೆ ಗಂಡ ಹೆಂಡತಿ ಊಟಕ್ಕೆಷ್ಟೋ ಅಷ್ಟೇ ಮಾತಾಡುತ್ತಿದ್ದರು.

ಕೊನೆಗೆ ಒಂದು ಸಂಜೆ ಸಂಕವ್ವ ತಾನೇ ನನ್ನನ್ನು ಜೋಡಿಸಲು ಕೂತಳು. ಹಿಂದಿನ ಗಾಲಿ ಸೇರಿಸಿದಳು. ಚೈನು ಕೂರಲಿಲ್ಲ. ಸದ್ದು ಕೇಳಿಯೇ ಮೇಲಿನಿಂದ ದನಿ ಬಂತು.

“ಗಾಲಿ ಹಿಂದಕ್ಕ ಜಗ್ಗು. ಮೊದಲ ಬಲಗಡಿ ನಟ್ಟು.”

“ಯಾವ ಬಲಗಡಿ? ನಿಮ್ಮದೋ ನಂದೋ?”

“ಸೈಕಲ್ಲಿಂದು!”

“ಕೇಳಸವಲ್ದು.”

ನನ್ನ ಕತ್ತಿನೊಳಗೆ ಹ್ಯಾಂಡಲ್ಲು ಹಗುರಾಗಿ ತಿರುಗಲೆಂದು ಸಣ್ಣ ಉಕ್ಕಿನ ಗುಂಡುಗಳಿರುತ್ತವೆ. ಅವಳು ಅವುಗಳ ಬಟ್ಟಲು ಎತ್ತಿದಳು. ಬಟ್ಟಲು ಜಾರಿತು. ಗುಂಡುಗಳು ಕಲ್ಲಿನ ನೆಲದ ಮೇಲೆ ಟಣಟಣ ಚೆಲ್ಲಾಡಿ ಉರುಳಿದವು. ಕೈ ತಪ್ಪಿ ಬಿದ್ದವೋ, ಬೇಕೆಂದೇ ಬೀಳಿಸಿದಳೋ ನನಗೆ ಇಂದಿಗೂ ಗೊತ್ತಿಲ್ಲ.

ಮೇಲೆ ಮಂಚ ಕಿರುಗುಟ್ಟಿತು. ಆಮೇಲೆ ಎರಡು ಊರುಗೋಲು ಮೆಟ್ಟಿಲ ಮೇಲಿಂದ ಧಡಧಡ ಉರುಳಿ ಬಂದು ನನ್ನ ಪಕ್ಕ ಬಿದ್ದವು. ಅವುಗಳ ಹಿಂದೆ, ಧಪ್ ಎಂದು ಒಂದು ಮೈ ಕಲ್ಲಿನ ಮೇಲೆ ಕೂತ ಸದ್ದು. ಇನ್ನೊಂದು ಧಪ್. ಉಸಿರಿನ ಸದ್ದು. ಮತ್ತೊಂದು.

ಸಂಕವ್ವ ತಟ್ಟನೆ ಎದ್ದಳು. ಮೆಟ್ಟಿಲಿಗೆ ಒಂದು ಕಾಲಿಟ್ಟಳು. ಏನೆನ್ನಿಸಿತೋ, ಕಾಲು ಹಿಂದಕ್ಕೆ ತೆಗೆದು, ಬೀದಿಬಾಗಿಲು ಮುಚ್ಚಿ, ಅಗಳಿ ಹಾಕಿದಳು. ಮೆಟ್ಟಿಲಿಗೆ ಬೆನ್ನು ಮಾಡಿ ಕೂತು ಗುಂಡುಗಳನ್ನು ಆರಿಸತೊಡಗಿದಳು. ತಿರುವಿನಲ್ಲಿ ಸದ್ದು ಬಹಳ ಹೊತ್ತು ನಿಂತಿತು. ಅವಳ ಕೈಯೂ ನಿಂತಿತು. ಆದರೆ ಅವಳು ತಿರುಗಿ ನೋಡಲಿಲ್ಲ. ಅವನು ಇಳಿದದ್ದನ್ನು ಕಂಡವನು ನಾನೊಬ್ಬನೇ. ನಾನು ಯಾರಿಗೆ ಹೇಳಲಿ?

ಗೂಳಪ್ಪ ಕೊನೆಯ ಮೆಟ್ಟಿಲಿಗೆ ಬಂದಾಗ ಅವನ ಮೊಣಕೈ ತರಚಿತ್ತು, ಧೋತರ ಸುಣ್ಣವಾಗಿತ್ತು. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ.

“ಗ್ರೀಸ್ ಎಲ್ಲೈತಿ?”

ಸಂಕವ್ವ ಹಿಂದಕ್ಕೆ ಕೈ ಚಾಚಿ ಡಬ್ಬಿ ಕೊಟ್ಟಳು. ಅವನು ಒಂದೊಂದು ಗುಂಡನ್ನೂ ಗ್ರೀಸಿನಲ್ಲಿ ಅಂಟಿಸಿ ನನ್ನ ಕತ್ತು ಕೂಡಿಸಿದ. ಆ ರಾತ್ರಿ ಅವರು ಮಗ್ಗದ ಕೋಣೆಯಲ್ಲೇ ಚಾಪೆ ಹಾಸಿದರು. ಮರುದಿನ ಮಂಚವೂ ನನ್ನ ಹಾಗೆಯೇ ಬಿಡಿ ಬಿಡಿಯಾಗಿ ಕೆಳಗೆ ಬಂತು.

ಸಂಕವ್ವ ಓಣಿಯಲ್ಲಿ ನನ್ನ ಮೇಲೆ ಕಲಿತಳು. ಗೂಳಪ್ಪ ಕಟ್ಟೆಯ ಮೇಲೆ ಕೂತು “ಗಾಲಿ ನೋಡಬ್ಯಾಡ, ಮುಂದ ನೋಡು!” ಎಂದು ಒದರುತ್ತಿದ್ದ. ಅವಳು ನನ್ನನ್ನು ಗಟಾರಕ್ಕೂ ಕೆಡವಿದಳು, ಎಮ್ಮೆಗೂ ಗುದ್ದಿದಳು. ಮಣ್ಣು ನನ್ನ ಟಯರಿಗೆ ಹತ್ತಿದಾಗ ಆದ ಸುಖವನ್ನು ನಾನು ಹೇಳಲಾರೆ. ಆಮೇಲೆ ಅವಳು ಸಾಲಿಗೆ ನನ್ನ ಮೇಲೆಯೇ ಹೋದಳು. ಬೆನ್ನು ನೆಟ್ಟಗೆ ಮಾಡಿ, ಯಾವ ಅವಸರವೂ ಇಲ್ಲದವಳ ಹಾಗೆ.

ಕ್ಯಾರಿಯರಿನ ಮೇಲೆ ಕೂರಲು ಗೂಳಪ್ಪ ಬಹಳ ದಿನ ಒಪ್ಪಲಿಲ್ಲ. ಒಂದು ಸಂಜೆ ತಾನೇ “ನಡಿ, ಊರು ನೋಡಿ ಬರೂಣು” ಅಂದ. ಹೆಂಡತಿ ತುಳಿಯುವುದು, ಗಂಡ ಹಿಂದೆ ಸೀಟಿನ ಸ್ಪ್ರಿಂಗು ಹಿಡಿದು ಕೂರುವುದು. ಓಣಿಯ ಮಗ್ಗಗಳು ಒಂದು ಗಳಿಗೆ ಸದ್ದು ನಿಲ್ಲಿಸಿದವು. ಅವನ ಬೆರಳು ಬಿಗಿಯಾದದ್ದು ನನಗೆ ತಿಳಿಯಿತು. ದೊಡ್ಡ ರಸ್ತೆಯಲ್ಲಿ ಕಂಬದ ಮೇಲೆ ಒಬ್ಬ ಲೈನ್‌ಮನ್ ಕೆಲಸ ಮಾಡುತ್ತಿದ್ದ. ಅವತ್ತು ಗೂಳಪ್ಪನನ್ನು ಹೊತ್ತವರಲ್ಲಿ ಒಬ್ಬ.

“ಗೂಳಪ್ಪಣ್ಣ! ಏನ್ ಸವಾರಿಪಾ ಇದು!” ಎಂದು ಮೇಲಿಂದ ಕೂಗಿದ.

ಸಂಕವ್ವ ಬ್ರೇಕು ಹಿಡಿದಳು. ಗೂಳಪ್ಪ ತಲೆ ಎತ್ತಿ ಅವನನ್ನು ನೋಡಿದ.

“ಅದು ಇರಲಿ. ಬೆಲ್ಟ್ ಹಾಕ್ಕೊಂಡೀಯೋ ಇಲ್ಲೋ? ಹಾಕ್ಕೊ ಮೊದಲ!”

ಅವನು ಹಾಕಿಕೊಳ್ಳುವವರೆಗೂ ನಾವು ಅಲ್ಲೇ ನಿಂತಿದ್ದೆವು.

ಇದೆಲ್ಲ ಹಳೆಯ ಮಾತು. ಈಗ ಸಂಕವ್ವನಿಗೆ ಮಂಡಿನೋವು, ಸಾಲಿಯ ಕೆಲಸವೂ ಮುಗಿದಿದೆ. ನನ್ನ ಟಯರುಗಳಲ್ಲಿ ಗಾಳಿ ನಿಲ್ಲುವುದಿಲ್ಲ. ಮಗ್ಗದ ಕೋಣೆಯಲ್ಲಿ ಮಂಚದ ಪಕ್ಕ ಗೋಡೆಗೆ ಒತ್ತಿ ನನ್ನನ್ನು ನಿಲ್ಲಿಸಿದ್ದಾರೆ. ಮೊನ್ನೆ ಹೆದ್ದಾರಿಯ ಹೋಟೆಲಿನವನೊಬ್ಬ ಬಂದು, ಇಂಥ ಹಳೇ ಸೈಕಲ್ಲಿಗೆ ದೀಪ ಸುತ್ತಿ ಗೋಡೆಗೆ ಹಾಕುತ್ತೇನೆ, ಕೊಡಿ ಅಂದ.

“ಕೊಡಾಕ ಬರೂದಿಲ್ಲ. ಅದು ಇಲ್ಲೇ ಕೆಲಸದಾಗ ಐತಿ” ಅಂದಳು ಸಂಕವ್ವ.

ಕೆಲಸ ಇಷ್ಟೇ. ಬೆಳಿಗ್ಗೆ ಗೂಳಪ್ಪ ಮಂಚದ ಮೇಲೆ ಎದ್ದು ಕೂತು, ಒಂದು ಕೈ ನನ್ನ ಹ್ಯಾಂಡಲ್ಲಿಗೆ, ಒಂದು ಕೈ ಸೀಟಿಗೆ ಹಾಕುತ್ತಾನೆ. ಪೂರ್ತಿ ಭಾರ ನನ್ನ ಮೇಲೆ ಬಿಟ್ಟು ಮೆಲ್ಲಗೆ ಏಳುತ್ತಾನೆ. ಒಂದು ಕಾಲದಲ್ಲಿ ಒಂದು ಗೇಣು ಸರಿಯಲು ಹಂಬಲಿಸಿದವನು ನಾನು. ಈಗ ಆ ಗಳಿಗೆಯಲ್ಲಿ ನನ್ನ ಕಬ್ಬಿಣವನ್ನೆಲ್ಲ ಒಟ್ಟುಮಾಡಿ, ನೆಲಕ್ಕೆ ಕಾಲೂರಿ, ಅಲುಗದೆ ನಿಲ್ಲುತ್ತೇನೆ.